ಗಂಟು ಮತ್ತು ಬಿಚ್ಚುವ ಕೈ

ಕೊಪ್ಪದ ಬಸ್ ನಿಲ್ದಾಣದಲ್ಲಿ ‘ನರಸಿಂಹರಾಜಪುರ’ ಎಂದು ಪೂರ್ತಿ ಹೆಸರು ಹಿಡಿದು ಕೂಗಿದ ಕಂಡಕ್ಟರನ್ನು ನಾನು ಈವರೆಗೆ ಕಂಡಿಲ್ಲ. ‘ಎನ್ನಾರ್ಪುರ, ಎನ್ನಾರ್ಪುರ’ ಎಂದಷ್ಟೇ ಕೂಗು. ಬೋರ್ಡಿನಲ್ಲೂ ಎನ್.ಆರ್.ಪುರ. ಈ ಊರಿನ ಹಳೆಯ ಹೆಸರು ಎಡೇಹಳ್ಳಿ. ಮೈಸೂರಿನ ಯುವರಾಜರಾಗಿದ್ದ ಕಂಠೀರವ ನರಸಿಂಹರಾಜ ಒಡೆಯರು ಬಂದುಹೋದ ನೆನಪಿಗೆ ಊರು ಅವರ ಹೆಸರು ಹೊತ್ತಿತು. ಹೊತ್ತ ಹೆಸರು ದಿನಬಳಕೆಗೆ ಭಾರವಾಯಿತು. ಜನ ಅದನ್ನು ಎರಡು ಇಂಗ್ಲಿಷ್ ಅಕ್ಷರಗಳಿಗೆ ಇಳಿಸಿಕೊಂಡರು. ಕೊಪ್ಪ ಎಂಬ ಹೆಸರನ್ನು ಯಾರೂ ಮೊಟಕು ಮಾಡಲಿಲ್ಲ, ಮಾಡಲು ಅಲ್ಲಿ ಏನೂ ಇರಲಿಲ್ಲ.

ಪದೇಪದೇ ಆಡುವ ಮಾತು ಚಿಕ್ಕದಾಗುತ್ತದೆ, ಅಪರೂಪಕ್ಕೆ ಆಡುವ ಮಾತು ಉದ್ದವಿದ್ದರೂ ನಡೆಯುತ್ತದೆ. ಇದನ್ನೇ ಗಣಿತದ ಲೆಕ್ಕವಾಗಿ ಡೇವಿಡ್ ಹಫ್‌ಮನ್ 1952ರಲ್ಲಿ ಪ್ರಕಟಿಸಿದ. ಆಗ ಅವನು ಅಮೆರಿಕದ ಎಂಐಟಿಯಲ್ಲಿ ವಿದ್ಯಾರ್ಥಿ. ಕ್ಲಾಸಿನ ಪ್ರಬಂಧಕ್ಕಾಗಿ ಮಾಡಿದ ಕೆಲಸ ಅದು. ನಮ್ಮ ಮೊಬೈಲಿನ ಬಹಳಷ್ಟು ಫೋಟೊ, ಜಿಪ್ ಫೈಲುಗಳೊಳಗೆ ಇವತ್ತಿಗೂ ಅವನ ಉಪಾಯದ ಒಂದು ತುಣುಕು ಕೂತಿದೆ. ಎನ್ನಾರ್ಪುರದ ಕಂಡಕ್ಟರಿಗೆ ಯಾವ ಪ್ರಬಂಧವೂ ಬೇಕಾಗಿರಲಿಲ್ಲ.

ಮಾಲೀಕರ ಕಂಪನಿ ನಿಂತಾಗ ಕೊಪ್ಪದ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ‘ಸಹಕಾರ ಸಾರಿಗೆ’ಯ ಬಸ್ಸುಗಳು ಈ ರಸ್ತೆಗಳಲ್ಲಿ ಓಡುತ್ತಿದ್ದ ಕಾಲ. ದಿನಾ ಹತ್ತುವ ಮೇಷ್ಟ್ರನ್ನು, ಬ್ಯಾಂಕಿನವರನ್ನು, ಕಾಲೇಜು ಹುಡುಗಿಯರನ್ನು ಕಂಡಕ್ಟರ್ ಏನೂ ಕೇಳುತ್ತಿರಲಿಲ್ಲ. ಟಿಕೆಟ್ ಹರಿದು ಕೈಗಿಟ್ಟು ಮುಂದೆ ಹೋಗುತ್ತಿದ್ದ. ಹೊಸ ಮುಖ ಕಂಡರೆ ಮಾತ್ರ ‘ಎಲ್ಲಿಗೆ?’ ಹರಿಹರಪುರದಲ್ಲಿ ಇಳಿಯಬೇಕಾದ ಮೇಷ್ಟ್ರು ಒಂದು ದಿನ ಶೃಂಗೇರಿಗೆ ಟಿಕೆಟ್ ಕೇಳಿದರೆ ಆಗ ಮಾತು ಹುಟ್ಟುತ್ತಿತ್ತು: ‘ಏನ್ ಮೇಷ್ಟ್ರೇ, ಇವತ್ತು ಮಠಕ್ಕಾ?’

ಗೊತ್ತಿರುವುದನ್ನು ಹೇಳಬೇಕಿಲ್ಲ, ಊಹೆ ತಪ್ಪಿದ್ದನ್ನಷ್ಟೇ ಹೇಳಿದರೆ ಸಾಕು. ಕ್ಲಾಡ್ ಶಾನನ್ 1948ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದ ತಿರುಳು ಇದೇ: ಸುದ್ದಿಯ ತೂಕವೆಂದರೆ ಅದರೊಳಗಿನ ಅಚ್ಚರಿಯ ತೂಕ. 1951ರಲ್ಲಿ ಆತ ಇನ್ನೊಂದು ಹೆಜ್ಜೆ ಇಟ್ಟ. ಇಂಗ್ಲಿಷ್ ಪಠ್ಯವೊಂದನ್ನು ಮುಚ್ಚಿಟ್ಟು, ಮುಂದಿನ ಅಕ್ಷರ ಯಾವುದೆಂದು ಒಂದೊಂದಾಗಿ ಊಹಿಸಲು ಜನರಿಗೆ ಹೇಳಿದ. 26 ಅಕ್ಷರ, ಒಂದು ಖಾಲಿ ಜಾಗ ಎಂದು ಕುರುಡಾಗಿ ಲೆಕ್ಕ ಹಾಕಿದರೆ ಅಕ್ಷರಕ್ಕೆ ಐದು ಬಿಟ್ಟಿನ ಹತ್ತಿರ ಬೇಕು. ಭಾಷೆ ಬಲ್ಲವರು ಊಹಿಸಿದ ರೀತಿ ನೋಡಿದರೆ 0.6ರಿಂದ 1.3 ಬಿಟ್ ಸಾಕು ಎಂದು ಅವನ ಅಂದಾಜು. ಉಳಿದದ್ದೆಲ್ಲ ಓದುಗನ ತಲೆಯಲ್ಲಿ ಮೊದಲೇ ಇದೆ. ಇವತ್ತು ನಮ್ಮೊಡನೆ ಮಾತಾಡುವ ಯಂತ್ರಗಳಿಗೆ ಕಲಿಸುವುದು ಬಹುಮಟ್ಟಿಗೆ ಇದೇ ಆಟವನ್ನು: ಇಷ್ಟು ಓದಿದೆಯಲ್ಲ, ಮುಂದಿನ ತುಣುಕು ಯಾವುದು ಹೇಳು. ಚೆನ್ನಾಗಿ ಊಹಿಸಬಲ್ಲವನು ಚಿಕ್ಕದಾಗಿ ಗಂಟು ಕಟ್ಟಬಲ್ಲ. ಗಂಟು ಚಿಕ್ಕದಾಯಿತೆಂದರೆ ಒಳಗಿನದು ಅವನಿಗೆ ಅಷ್ಟರಮಟ್ಟಿಗೆ ಅರ್ಥವಾಗಿದೆ. ಅರ್ಥವಾಗಿದೆಯೇ? ನನಗೆ ಗಂಟು ಬಿದ್ದಿರುವುದು ಇಲ್ಲೇ.

ಒಂದನೇ ತರಗತಿಯ ಮಗುವನ್ನು ನೋಡಿ. ಕನ್ನಡದಲ್ಲಿ ವ್ಯಂಜನ 34. ಒಂದೊಂದಕ್ಕೂ ಕ, ಕಾ, ಕಿ ಎಂದು ಹೊರಟು ಕಂ, ಕಃ ಮುಟ್ಟುವಷ್ಟರಲ್ಲಿ 15 ರೂಪ. ಒಟ್ಟು 510. ಮಗು ಮೊದಲು ‘ಕ’ ಕಾಗುಣಿತವನ್ನು ಬಾಯಿಪಾಠ ಮಾಡುತ್ತದೆ, ‘ಖ’ವನ್ನೂ ಬಾಯಿಪಾಠ ಮಾಡುತ್ತದೆ. ‘ಗ’ಕ್ಕೆ ಬರುವ ಹೊತ್ತಿಗೆ ಅದರ ಮುಖದಲ್ಲಿ ಏನೋ ಬದಲಾಗುತ್ತದೆ. ತಲೆಕಟ್ಟಿನ ಜಾಗದಲ್ಲಿ ಗುಡಿಸು, ಬಲಬದಿಗೆ ಕೊಂಬು, ಇಷ್ಟೇ ತಾನೇ! ಆಮೇಲೆ ಮೇಷ್ಟ್ರು ಕಲಿಸದ ‘ಟ’ದ ಕಾಗುಣಿತವನ್ನೂ ಅದು ತಾನೇ ಬರೆದು ತೋರಿಸುತ್ತದೆ. 34 ವ್ಯಂಜನ, 15 ಗುಣಿತ, ಕೂಡಿದರೆ 49. 510 ಇದ್ದ ಹೊರೆ 49ಕ್ಕೆ ಇಳಿಯಿತು. 49 ಎಂಬುದು ನಮ್ಮ ವರ್ಣಮಾಲೆಯ ಲೆಕ್ಕವೇ ಆಗಿರುವುದು ಆಕಸ್ಮಿಕವಲ್ಲ. ಆ ಮಗುವಿಗೆ ಆ ದಿನ ಆದದ್ದಕ್ಕೆ ಕಲಿಕೆ ಎಂದು ಹೆಸರು. ಅಡಕ, ಅಂದರೆ ಇರುವುದನ್ನು ಚಿಕ್ಕ ಗಂಟಾಗಿ ಕಟ್ಟುವುದು, ಎಂದು ಕರೆದರೂ ತಪ್ಪಿಲ್ಲ.

ಹೊರೆ ಪೂರ್ತಿ ಇಳಿಯುವುದಿಲ್ಲ. ‘ಪು’, ‘ವು’ ಬರೆಯುವಾಗ ಕೊಂಬು ಬೇರೆ ಕಡೆ ಅಂಟುತ್ತದೆ. ‘ಮೊ’, ‘ಯೊ’ಗಳಲ್ಲಿ ಓತ್ವದ ರೂಪವೇ ಬದಲು. ಅವನ್ನು ಬೇರೆಯಾಗಿ ನೆನಪಿಡಬೇಕು. ನಿಯಮದ ಉದ್ದ, ನಿಯಮಕ್ಕೆ ಸಿಗದೆ ಉಳಿದದ್ದರ ಉದ್ದ, ಎರಡನ್ನೂ ಕೂಡಿದಾಗ ಯಾವುದು ಅತಿ ಚಿಕ್ಕದೋ ಅದೇ ಒಳ್ಳೆಯ ವಿವರಣೆ ಎಂದು ಯೋರ್ಮಾ ರಿಸ್ಸನೆನ್ 1978ರಲ್ಲಿ ಸೂತ್ರೀಕರಿಸಿದ. ಅದಕ್ಕೂ ಹಿಂದೆ, 1964-65ರ ಸುಮಾರಿಗೆ ರೇ ಸೊಲೊಮೊನಾಫ್, ಆಂದ್ರೇ ಕೊಲ್ಮೊಗೊರೊವ್ ಬೇರೆ ಬೇರೆಯಾಗಿ ಇದೇ ಹಾದಿಯಲ್ಲಿ ನಡೆದಿದ್ದರು: ಒಂದು ವಸ್ತುವಿನ ಸಂಕೀರ್ಣತೆಯನ್ನು ಅದನ್ನು ಹುಟ್ಟಿಸಬಲ್ಲ ಅತಿ ಚಿಕ್ಕ ಕ್ರಮವಿಧಿಯ ಉದ್ದದಿಂದ ಅಳೆಯಬಹುದು. ನಿಯಮ, ನಿಯಮಕ್ಕೆ ಸಿಗದೆ ಉಳಿದದ್ದು, ಇವೆರಡನ್ನು ನಮ್ಮ ವ್ಯಾಕರಣದ ಮಂದಿ ಉತ್ಸರ್ಗ, ಅಪವಾದ ಎಂದು ಕರೆಯುತ್ತ ಬಂದವರು.

ಶೃಂಗೇರಿಯ ಕಡೆಯವರಿಗೆ ಈ ಮಾತು ಹೊಸದಲ್ಲ. ಮಠದ ಪಾಠಶಾಲೆಯಲ್ಲೂ ಸಂಸ್ಕೃತ ವಿಶ್ವವಿದ್ಯಾಲಯದ ರಾಜೀವ್ ಗಾಂಧಿ ಆವರಣದಲ್ಲೂ ಕಲಿಯುವ ಹುಡುಗರ ಬಾಯಲ್ಲಿ ಪಾಣಿನಿಯ ಸುಮಾರು 4000 ಸೂತ್ರಗಳು ಓಡಾಡುತ್ತವೆ. ಎಲ್ಲ ಸ್ವರಗಳಿಗೂ ಸೇರಿ ‘ಅಚ್’, ಎಲ್ಲ ವ್ಯಂಜನಗಳಿಗೂ ಸೇರಿ ‘ಹಲ್’. ಮೊದಲಿಗೆ ಬರುವ ಹದಿನಾಲ್ಕು ಮಾಹೇಶ್ವರ ಸೂತ್ರಗಳಲ್ಲಿ, ಕೊನೆಯ ಗುರುತಕ್ಷರಗಳನ್ನು ಬಿಟ್ಟರೆ, ಹಕಾರ ಮಾತ್ರ ಎರಡು ಸಲ ಬರುತ್ತದೆ. ಇಷ್ಟು ಬಿಗಿಯಾಗಿ ಕಟ್ಟಿದವನು ಅದೊಂದನ್ನು ಯಾಕೆ ಎರಡು ಸಲ ಹೇಳಿದ? ಜರ್ಮನಿಯ ವೀಬ್ಕೆ ಪೀಟರ್ಸನ್ 2004ರಲ್ಲಿ ಗಣಿತದಿಂದಲೇ ತೋರಿಸಿದರು: ಪಾಣಿನಿಗೆ ಬೇಕಾದ ಗುಂಪುಗಳನ್ನೆಲ್ಲ ಒಂದೇ ಸಾಲಿನಲ್ಲಿ ಹಿಡಿಯಬೇಕಾದರೆ ಆ ಪುನರುಕ್ತಿ ತಪ್ಪದು, ಅದಕ್ಕಿಂತ ಕಡಿಮೆಯಲ್ಲಿ ಆಗದು. ‘ಎಲ್ಲ ನಮ್ಮವರಿಗೆ ಮೊದಲೇ ಗೊತ್ತಿತ್ತು’ ಎಂದು ಎದೆ ತಟ್ಟಿಕೊಳ್ಳುವವರ ಸಾಲಿನಲ್ಲಿ ನಾನಿಲ್ಲ. ಪಾಣಿನಿ ಕಂಪ್ಯೂಟರ್ ಮಾಡಲಿಲ್ಲ, ಮಾಡುವ ಉದ್ದೇಶವೂ ಅವನಿಗಿರಲಿಲ್ಲ. ಬರೆಯುವುದಕ್ಕಿಂತ ಬಾಯಲ್ಲಿಟ್ಟುಕೊಳ್ಳುವುದೇ ದೊಡ್ಡ ಕೆಲಸವಾಗಿದ್ದ ಕಾಲದಲ್ಲಿ ಜಾಗ ಇದ್ದದ್ದು ತಲೆಯೊಳಗೆ, ಅದೂ ಕಮ್ಮಿ. ಜಾಗ ಕಮ್ಮಿಯಾದಾಗಲೇ ನಿಯಮ ಹುಡುಕುವ ಗರಜು ಹುಟ್ಟುತ್ತದೆ. ಯಂತ್ರಕ್ಕೂ ಅಷ್ಟೇ. ಅದು ಓದಿದ ಪಠ್ಯವನ್ನೆಲ್ಲ ಹಾಗೆಹಾಗೇ ಇಟ್ಟುಕೊಳ್ಳಲು ಅದರೊಳಗೆ ಸ್ಥಳವಿಲ್ಲ. ಅದಕ್ಕೇ ಅದು ನಿಯಮದಂಥದ್ದನ್ನು ಹುಡುಕಿಕೊಳ್ಳಬೇಕಾಗುತ್ತದೆ.

ಈಗ ಶೃಂಗೇರಿಯ ಇನ್ನೊಂದು ಪಾಠಕ್ಕೆ ಬರುತ್ತೇನೆ. ನನಗೆ ಇದೇ ಹೆಚ್ಚು ಮುಖ್ಯ.

ಬ್ರಹ್ಮಸೂತ್ರದ ಮೊದಲ ಸೂತ್ರದಲ್ಲಿ ಇರುವುದು ಮೂರೇ ಪದ. ಅದರಲ್ಲಿ ಮೊದಲನೆಯದು ‘ಅಥ’, ಅಂದರೆ ‘ಆಮೇಲೆ’. ಯಾವುದರ ಆಮೇಲೆ? ಸೂತ್ರ ಹೇಳುವುದಿಲ್ಲ. ಶಂಕರರು ಈ ಎರಡಕ್ಷರದ ಮೇಲೆಯೇ ದೀರ್ಘವಾಗಿ ಬರೆಯುತ್ತಾರೆ. ಕರ್ಮಗಳನ್ನು ತಿಳಿದ ಆಮೇಲೆ ಎಂದೇ? ಅಲ್ಲ, ವಿವೇಕ, ವೈರಾಗ್ಯ ಮೊದಲಾದ ನಾಲ್ಕು ಸಾಧನಗಳು ಕೂಡಿಬಂದ ಆಮೇಲೆ ಎಂದು ಅವರ ನಿಲುವು. ರಾಮಾನುಜರು ಅದೇ ಗಂಟನ್ನು ಬಿಚ್ಚಿದಾಗ ಕರ್ಮವಿಚಾರ ಮುಗಿದ ಆಮೇಲೆ ಎಂಬ ಅರ್ಥ ಬಂತು. ಘಟ್ಟ ಇಳಿದರೆ ಉಡುಪಿ. ಅಲ್ಲಿ ಮಧ್ವರು ಅದೇ ಗಂಟಿನಿಂದ ಇವೆರಡೂ ಅಲ್ಲದ ದರ್ಶನವನ್ನು ತೆಗೆದರು. ಇನ್ನೂ ವಿಚಿತ್ರವೆಂದರೆ ಒಟ್ಟು ಸೂತ್ರಗಳೆಷ್ಟು ಎಂಬುದರಲ್ಲೇ ಮೂವರ ಲೆಕ್ಕ ಬೇರೆ: ಶಂಕರರಿಗೆ 555, ರಾಮಾನುಜರಿಗೆ 545, ಮಧ್ವರಿಗೆ 564. ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎನ್ನುವುದನ್ನು ಕೂಡ ಬಿಚ್ಚುವ ಕೈಯೇ ತೀರ್ಮಾನಿಸುತ್ತದೆ.

ಅಂದಮೇಲೆ ಸೂತ್ರದಲ್ಲಿ ಅರ್ಥ ಎಷ್ಟಿದೆ, ಬಿಚ್ಚುವವನ ಪರಂಪರೆಯಲ್ಲಿ ಎಷ್ಟಿದೆ? ಗಂಟು ಚಿಕ್ಕದಾದಷ್ಟೂ ಬಿಚ್ಚುವವನ ಹತ್ತಿರ ದೊಡ್ಡ ಭಂಡಾರ ಇರಬೇಕು. ಎನ್.ಆರ್. ಎಂದರೆ ಕೊಪ್ಪದಲ್ಲಿ ಒಂದು ಊರು, ಮೈಸೂರಿನಲ್ಲಿ ಒಂದು ಮೊಹಲ್ಲಾ, ಬೆಂಗಳೂರಿನಲ್ಲಿ ಒಂದು ಕಾಲೋನಿ. ಚಿಕ್ಕದಾಗಿರುವುದು ಹೇಳುವವನ ಜಾಣತನ ಮಾತ್ರವಲ್ಲ, ಕೇಳುವವನ ಮೇಲಿನ ನಂಬಿಕೆ ಕೂಡ.

ಯಂತ್ರಗಳ ವಿಷಯದಲ್ಲೂ ಇದೇ ಲೆಕ್ಕ ಹೊರಬಿದ್ದಿದೆ. 2023ರಲ್ಲಿ ಡೀಪ್‌ಮೈಂಡ್ ಸಂಸ್ಥೆಯವರು ಒಂದು ಪ್ರಯೋಗದ ಫಲ ಪ್ರಕಟಿಸಿದರು. ಚಿಂಚಿಲ್ಲಾ ಎಂಬ ಭಾಷಾಮಾದರಿ, ಮುಖ್ಯವಾಗಿ ಪಠ್ಯವನ್ನೇ ಓದಿ ಬೆಳೆದದ್ದು. ಅದರ ಊಹೆಯ ಶಕ್ತಿಯನ್ನು ಬಳಸಿ ಚಿತ್ರದ ತುಣುಕುಗಳನ್ನು ಅಡಕಗೊಳಿಸಿದರೆ ಮೂಲದ ಶೇ. 43.4ಕ್ಕೆ ಇಳಿದವು, ಚಿತ್ರಕ್ಕೆಂದೇ ಮಾಡಿದ ಪಿಎನ್‌ಜಿ ಶೇ. 58.5ಕ್ಕೆ ನಿಂತಿತ್ತು. ಧ್ವನಿಯಲ್ಲಿ ಶೇ. 16.4, ಧ್ವನಿಗೆಂದೇ ಇರುವ ಫ್ಲ್ಯಾಕ್ ಶೇ. 30.3. ಓದು ಕಲಿತವನು ನೋಟದಲ್ಲೂ ಕೇಳ್ಮೆಯಲ್ಲೂ ಗೆದ್ದ ಹಾಗೆ. ಆದರೆ ಆ ಮಾದರಿಯೊಳಗೆ 7,000 ಕೋಟಿ ಸಂಖ್ಯೆಗಳಿವೆ. ಗಂಟಿನ ಜೊತೆ ಬಿಚ್ಚುವವನನ್ನೂ ತಕ್ಕಡಿಗೆ ಹಾಕಿದರೆ ತಟ್ಟೆ ನೆಲಕ್ಕೆ ಕೂರುತ್ತದೆ. ಸಂಶೋಧಕರು ಅದನ್ನು ಮುಚ್ಚಿಟ್ಟಿಲ್ಲ. ಭಾಷ್ಯಕಾರನ ತೂಕ ಯಾವತ್ತೂ ಸೂತ್ರಕ್ಕಿಂತ ಹೆಚ್ಚು.

ಇಲ್ಲಿಯವರೆಗೆ ಹೇಳಿದ್ದು ಏನೂ ಕಳೆಯದ ಅಡಕ. ಕಳೆದುಕೊಂಡು ಚಿಕ್ಕದಾಗುವುದು ಇನ್ನೊಂದಿದೆ, ಬದುಕಿನಲ್ಲಿ ಹೆಚ್ಚು ನಡೆಯುವುದು ಅದೇ. ಮಂಡಿಗೆ ಅಡಿಕೆ ಮೂಟೆ ಹೋಗುತ್ತದೆ. ವ್ಯಾಪಾರಿ ಒಂದು ಹಿಡಿ ತೆಗೆದು ಅಂಗೈಯಲ್ಲಿ ಆಡಿಸಿ ಒಂದು ಮಾತು ಹೇಳುತ್ತಾನೆ: ಸರಕು, ಬೆಟ್ಟೆ, ಇಡಿ, ಇಲ್ಲವೇ ಗೊರಬಲು. ಸರಕು ದರದಲ್ಲಿ ಮೇಲೆ, ಗೊರಬಲು ಕೆಳಗೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ಮಳೆ ಬಿಡುವು ಕೊಡದ ಆಷಾಢ, ಕೊನೆಗಾರ ಸಿಗದ ವಾರ, ಒಲೆಯ ಮುಂದೆ ಅಡಿಕೆ ಬೇಯಿಸಿದ ರಾತ್ರಿ, ಒಂದೂ ಆ ಮಾತಿನಲ್ಲಿಲ್ಲ. ವ್ಯಾಪಾರಕ್ಕೆ ಬೇಕಾಗಿಯೂ ಇಲ್ಲ. ಏನನ್ನು ಬಿಡಬೇಕು ಎನ್ನುವುದು ಯಾರಿಗಾಗಿ ಕಟ್ಟುತ್ತಿದ್ದೇವೆ ಎನ್ನುವುದರ ಮೇಲೆ ನಿಂತಿದೆ.

ಯಾರಿಗಾಗಿ ಎನ್ನುವುದು ತಪ್ಪಿದರೆ ಏನಾಗುತ್ತದೆ? ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಮೂರೂ ತಾಲ್ಲೂಕುಗಳ ತೋಟಗಳನ್ನು ದಶಕಗಳಿಂದ ಕಾಡುತ್ತಿರುವುದು ಹಳದಿ ಎಲೆ ರೋಗ. ಅದು ಹೊರಸುತ್ತಿನ ಸೋಗೆಯ ಗರಿಗಳ ತುದಿಯಲ್ಲಿ ಸಣ್ಣಗೆ ಶುರುವಾಗುತ್ತದೆ. ಈಗ ಎಲ್ಲರೂ ಫೋಟೊ ತೆಗೆದು ಮೊಬೈಲಿನಲ್ಲಿ ತಿಳಿದವರಿಗೆ ಕಳಿಸುವವರೇ. ಜೆಪೆಗ್ ಎಂಬ ಫೋಟೊ ಅಡಕವನ್ನು ಮಾಡಿದವರು ಮನುಷ್ಯನ ಕಣ್ಣನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ನಮ್ಮ ಕಣ್ಣು ಬೆಳಕು-ನೆರಳಿನ ಸೂಕ್ಷ್ಮವನ್ನು ಹಿಡಿದಷ್ಟು ಬಣ್ಣದ ಸೂಕ್ಷ್ಮವನ್ನು ಹಿಡಿಯುವುದಿಲ್ಲ. ಹಾಗಾಗಿ ಸಾಮಾನ್ಯವಾಗಿ ಅದು ಮೊದಲು ಕೈಬಿಡುವುದು ಬಣ್ಣದ ಸಣ್ಣ ವಿವರವನ್ನು. ಮದುವೆ ಮನೆಯ ಫೋಟೊಗೆ ಇದರಿಂದ ಏನೂ ನಷ್ಟವಿಲ್ಲ. ಗರಿಯ ತುದಿಯ ಹಳದಿಯನ್ನು ನೋಡಬೇಕಾದವನಿಗೆ ಬೇಕಾದದ್ದೇ ಆ ವಿವರ.

2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಕಂಪ್ಯೂಟರ್ ವಿಜ್ಞಾನಿ ಬಯಲಿಗೆಳೆದ ಪ್ರಸಂಗ ಇನ್ನೂ ಭಯಂಕರ. ಝೆರಾಕ್ಸ್ ಕಂಪನಿಯ ಯಂತ್ರವೊಂದರಲ್ಲಿ ಮನೆಯ ನಕ್ಷೆ ಸ್ಕ್ಯಾನ್ ಮಾಡಿದರೆ, ಮೂರು ಕೋಣೆಗಳ ಬೇರೆ ಬೇರೆ ವಿಸ್ತೀರ್ಣವೂ 14.13 ಎಂದೇ ಬಂತು. ಜಾಗ ಉಳಿಸಲು ಯಂತ್ರ ಒಂದೇ ಥರ ಕಾಣುವ ತುಣುಕುಗಳನ್ನು ಒಂದೇ ಎಂದು ಇಟ್ಟುಕೊಂಡು ಎಲ್ಲ ಕಡೆ ಅದನ್ನೇ ಅಚ್ಚು ಹಾಕಿತ್ತು. ಮಸುಕಾಗಿದ್ದರೆ ಅನುಮಾನ ಬರುತ್ತಿತ್ತು. ಅಂಕಿ ಸ್ಪಷ್ಟವಾಗಿತ್ತು, ಸುಳ್ಳಾಗಿತ್ತು. ನಮ್ಮ ಪಹಣಿಯಲ್ಲಿ ಗುಂಟೆಯ ಅಂಕಿ ಹೀಗೆ ಬದಲಾದರೆ ಎಂದು ಒಮ್ಮೆ ಊಹಿಸಿಕೊಳ್ಳಿ. ಲೇಖಕ ಟೆಡ್ ಚಿಯಾಂಗ್ 2023ರಲ್ಲಿ ಇದೇ ಪ್ರಸಂಗ ಹಿಡಿದು ಮಾತಾಡುವ ಯಂತ್ರಗಳನ್ನು ಅಂತರ್ಜಾಲದ ಮಬ್ಬು ಪ್ರತಿಗೆ ಹೋಲಿಸಿದ. ಹೋಲಿಕೆ ಪೂರ್ತಿ ಒಪ್ಪುವಂಥದ್ದಲ್ಲ. ಮಬ್ಬು ಪ್ರತಿಗೆ ‘ಟ’ದ ಕಾಗುಣಿತ ಬರೆಯಲು ಬರುವುದಿಲ್ಲ, ಯಂತ್ರಕ್ಕೆ ಬರುತ್ತದೆ. ಆದರೂ ನಾನೊಮ್ಮೆ ಅಂಥದ್ದೊಂದು ಯಂತ್ರವನ್ನು ಗೊರಬಲು ಎಂದರೇನು ಎಂದು ಕೇಳಿದೆ. ಅಡಿಕೆ ಮರಕ್ಕೆ ಬರುವ ಒಂದು ರೋಗ ಎಂದು ತಪ್ಪಿಲ್ಲದ ಕನ್ನಡದಲ್ಲಿ, ಪರಿಹಾರದ ಸಮೇತ ಉತ್ತರ ಬಂತು. 14.13ರ ಹಾಗೆಯೇ ಸ್ಪಷ್ಟ.

ಇದನ್ನು ಯಂತ್ರದ ದಡ್ಡತನ ಎಂದು ನಕ್ಕು ಸುಮ್ಮನಾಗಬಹುದಿತ್ತು. ಆದರೆ ಅದು ಕನ್ನಡವನ್ನು ಒಳಗೆ ಬಿಟ್ಟುಕೊಳ್ಳುವ ಬಾಗಿಲನ್ನೇ ನೋಡಬೇಕು. ಆ ಬಾಗಿಲಲ್ಲಿ ನಿಂತಿರುವುದೂ ಒಂದು ಹಳೆಯ ಅಡಕವಿದ್ಯೆ. 1994ರಲ್ಲಿ ಫಿಲಿಪ್ ಗೇಜ್ ಎಂಬಾತ ಫೈಲುಗಳನ್ನು ಚಿಕ್ಕದು ಮಾಡಲು ಒಂದು ಸರಳ ಉಪಾಯ ಹೇಳಿದ: ಅತಿ ಹೆಚ್ಚು ಸಲ ಜೊತೆಯಾಗಿ ಬರುವ ಎರಡು ಬೈಟುಗಳನ್ನು ಹುಡುಕು, ಅವೆರಡಕ್ಕೂ ಸೇರಿ ಒಂದು ಹೊಸ ಗುರುತು ಕೊಡು, ಮತ್ತೆ ಹುಡುಕು. ಕಂಡಕ್ಟರ್ ನರಸಿಂಹರಾಜವನ್ನು ಎನ್ನಾರ್ ಮಾಡಿದ ಹಾಗೆ. 2015-16ರಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯದವರು ಇದನ್ನು ಯಂತ್ರಾನುವಾದಕ್ಕೆ ಒಗ್ಗಿಸಿದರು. ಇವತ್ತಿನ ಬಹುಪಾಲು ಭಾಷಾಯಂತ್ರಗಳು ಪಠ್ಯವನ್ನು ಕತ್ತರಿಸಿಕೊಳ್ಳುವುದು ಈ ಉಪಾಯದಿಂದ ಅಥವಾ ಇದರ ನೆಂಟನಿಂದ.

ಈಗ ಲೆಕ್ಕ ನೋಡಿ. ಯುಟಿಎಫ್-8 ಎಂಬ ಸಂಕೇತದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್. ಕನ್ನಡದ ಮೂಲಾಕ್ಷರ, ಗುಡಿಸು, ಕೊಂಬು, ಸೊನ್ನೆ ಪ್ರತಿಯೊಂದಕ್ಕೂ ಮೂರು ಬೈಟ್. ಕೊಪ್ಪ ಇಂಗ್ಲಿಷಿನಲ್ಲಿ 5 ಬೈಟ್, ಕನ್ನಡದಲ್ಲಿ 15. ಶೃಂಗೇರಿ ಇಂಗ್ಲಿಷಿನಲ್ಲಿ 8, ಕನ್ನಡದಲ್ಲಿ 21. ನರಸಿಂಹರಾಜಪುರ ಕನ್ನಡದಲ್ಲಿ 36. ಇದೊಂದೇ ಆಗಿದ್ದರೆ ಗೇಜ್‌ನ ಉಪಾಯ ಸರಿಪಡಿಸಿಬಿಡುತ್ತಿತ್ತು. ಪದೇಪದೇ ಬರುವ ಜೋಡಿ ತಾನಾಗಿ ಚಿಕ್ಕದಾಗಬೇಕಷ್ಟೆ. ಆದರೆ ಯಾವ ಜೋಡಿ ಪದೇಪದೇ ಬರುತ್ತದೆ ಎಂದು ಎಣಿಸಿದ್ದು ಬಹುತೇಕ ಇಂಗ್ಲಿಷ್ ಇರುವ ರಾಶಿಯಲ್ಲಿ. ಆ ಸಂತೆಯಲ್ಲಿ ನಮ್ಮ ಜೋಡಿಗಳಿಗೆ ಹೆಸರು ಕೂಗಿಸಿಕೊಳ್ಳುವ ಸರದಿಯೇ ಬರಲಿಲ್ಲ. ಹಾಗಾಗಿ ಕನ್ನಡದ ಪದ ಚೂರುಚೂರಾಗಿ ಒಳಗೆ ಹೋಗುತ್ತದೆ, ಕೆಲವೊಮ್ಮೆ ಒಂದು ಅಕ್ಷರವೇ ನಡುವೆ ಸೀಳಿಹೋಗುತ್ತದೆ. ‘ಬರಲಾಗುತ್ತಿರಲಿಲ್ಲವಂತೆ’ ಎಂಬ ಒಂದು ಪದದಲ್ಲಿ ನಾವು ಕಾಲ, ನಿಷೇಧ, ಅಸಾಧ್ಯತೆ, ಇದು ಬೇರೆಯವರು ಹೇಳಿದ್ದು ಎಂಬ ಎಚ್ಚರಿಕೆ ಎಲ್ಲವನ್ನೂ ಕಟ್ಟಿಟ್ಟಿದ್ದೇವೆ. ಅಷ್ಟು ಬಿಗಿಯಾದ ಗಂಟನ್ನು ಯಂತ್ರ ಎಳೆಎಳೆಯಾಗಿ ಹರಿದು ತನ್ನ ಹಗ್ಗದಲ್ಲಿ ಕಟ್ಟಿಕೊಳ್ಳುತ್ತದೆ. ಎಷ್ಟು ಚೂರು ಎಂದು ಎಣಿಸಿ ದುಡ್ಡು ತೆಗೆದುಕೊಳ್ಳುವ ವ್ಯವಸ್ಥೆಯಲ್ಲಿ ಕನ್ನಡದ ಬಿಲ್ಲು ಮೇಲೇರುತ್ತದೆ. ಹೊಸ ಯಂತ್ರಗಳಲ್ಲಿ ಇದು ಸುಧಾರಿಸುತ್ತಿದೆ, ಹೌದು. ಬಾಗಿಲು ಅಗಲವಾದರೂ ಒಳಗೆ ಗೊರಬಲನ್ನು ಕಂಡವರಿಲ್ಲದಿದ್ದರೆ ಬಿಚ್ಚುವ ಕೈ ಬೇರೆಯವರದೇ. ನಮ್ಮ ಚಿಕ್ಕ ಮಾತನ್ನು ಅದು ಬೇರೆಯವರ ಭಂಡಾರದಿಂದ ತುಂಬಿಸಿ ಕೊಡುತ್ತದೆ.

ಅಡಕವೇ ಬುದ್ಧಿ ಎನ್ನುವವರ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ನಿಯಮ ಕಾಣದೆ ಗಂಟು ಚಿಕ್ಕದಾಗುವುದಿಲ್ಲ, ನಿಯಮ ಕಾಣುವುದೇ ಬುದ್ಧಿ. ಆದರೆ ಕಟ್ಟುವಾಗ ಇದ್ದ ಪ್ರಶ್ನೆಗೆ ಮಾತ್ರ ಗಂಟು ಉತ್ತರ ಕೊಡುತ್ತದೆ. ಮುಂದೆ ಯಾರು ಬಂದು ಏನು ಕೇಳುತ್ತಾರೆ ಎಂದು ಕಟ್ಟುವವನಿಗೆ ಗೊತ್ತಿರುವುದಿಲ್ಲ.

ಹಿಂದೆ ಲೆಕ್ಕಪತ್ರಗಳನ್ನು ಕಡತದಲ್ಲಿ ಬರೆಯುತ್ತಿದ್ದರು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಹಚ್ಚಿ ಕಪ್ಪಾಗಿಸಿ, ಬಳಪದಲ್ಲಿ ಬರೆದು, ಮಡಿಸಿಡುವುದು. ಶೃಂಗೇರಿ ಮಠದಲ್ಲಿ ಅಂಥ ಕಡತಗಳೂ ಪತ್ರಗಳೂ ರಾಶಿಯಾಗಿದ್ದವು. 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅಲ್ಲಿ ಟಿಪ್ಪು ಸುಲ್ತಾನ್ ಮಠಕ್ಕೆ ಕನ್ನಡದಲ್ಲಿ ಬರೆಸಿದ ಪತ್ರಗಳ ಒಂದು ಕಟ್ಟನ್ನು ಕಂಡರು. 1791ರ ಮರಾಠಾ ದಾಳಿಯಲ್ಲಿ ಮಠ ಲೂಟಿಯಾದ ಮೇಲಿನ ಕಾಗದಗಳೂ ಅದರಲ್ಲಿದ್ದವು. ‘ಸುಲ್ತಾನರೊಡನೆ ಪತ್ರವ್ಯವಹಾರ ನಡೆಯಿತು’ ಎಂದು ಯಾರೋ ಜಾಣ ಗುಮಾಸ್ತ ಒಂದು ಸಾಲಿಗೆ ಇಳಿಸಿ ಉಳಿದದ್ದನ್ನು ಬಿಸಾಡಿದ್ದರೆ ಆ ಕಾಲದ ಮಠದ ಕೆಲಸಕ್ಕೆ ಏನೂ ಅಡ್ಡಿಯಾಗುತ್ತಿರಲಿಲ್ಲ. ಟಿಪ್ಪು ಯಾವ ಸಾಮಗ್ರಿ ಕಳಿಸಿದ, ಯಾವ ಮರ್ಯಾದೆಯ ಮಾತು ಬಳಸಿದ, ಏನು ಬೇಡಿಕೊಂಡ ಎಂದು ನೂರು ವರ್ಷದ ಮೇಲೆ ಇತಿಹಾಸಕಾರರು ಕೇಳಿದಾಗ ಉತ್ತರ ಸಿಕ್ಕಿದ್ದು ಆ ಪತ್ರಗಳನ್ನು ಯಾರೂ ಅಡಕ ಮಾಡದೆ ಇಟ್ಟದ್ದರಿಂದ.

ಮಲೆನಾಡಿನ ಎಷ್ಟೋ ಮನೆಗಳಲ್ಲಿ ಮಳೆ ಅಳೆದು ಇಂಚಿನ ಲೆಕ್ಕದಲ್ಲಿ ಡೈರಿಗೆ ಬರೆಯುವ ಹಿರಿಯರಿದ್ದರು. ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಎಂದು ಮಳೆ ನಕ್ಷತ್ರದ ಹೆಸರು, ಪಕ್ಕದಲ್ಲಿ ಅಂಕಿ, ಅದರ ಪಕ್ಕ ‘ಸಂಕ ಕೊಚ್ಚಿತು’, ‘ಕೊಳೆ ಕಂಡಿತು’, ‘ಬಸ್ ಬರಲಿಲ್ಲ’ ಎಂದು ಅರ್ಧ ಸಾಲು. ಮಕ್ಕಳು ಈಗ ಬೆಂಗಳೂರಿನಿಂದ ಬಂದು ವರ್ಷದ ಒಟ್ಟು ಮೊತ್ತವನ್ನಷ್ಟೇ ಎಕ್ಸೆಲ್ಲಿಗೆ ಏರಿಸಿ ಪುಸ್ತಕವನ್ನು ರದ್ದಿಗೆ ಹಾಕುವುದುಂಟು. ನಿಮ್ಮ ಅಟ್ಟದ ಮೇಲೆ ಅಂಥ ಡೈರಿ ಇದ್ದರೆ, ಮಂಡಿಯ ಹಳೆಯ ಚೀಟಿಗಳ ಕಟ್ಟು ಇದ್ದರೆ, ದಯವಿಟ್ಟು ಬಿಸಾಡಬೇಡಿ. ಒಂದೊಂದು ಪುಟದ ಫೋಟೊ ತೆಗೆದಿಡಿ, ಸಾಧ್ಯವಾದರೆ ಆ ಅರ್ಧ ಸಾಲುಗಳನ್ನು ಕನ್ನಡದಲ್ಲೇ ಬೆರಳಚ್ಚಿಸಿ ನಾಲ್ಕು ಜನರಿಗೆ ಸಿಗುವ ಕಡೆ ಹಾಕಿ. ಫೋಟೊ ಕಳಿಸುವಾಗ ಚಿಕ್ಕದು ಮಾಡದೆ ಮೂಲ ಗಾತ್ರದಲ್ಲೇ ಕಳಿಸಿ.